ಶಾಂತಿ ಸಭೆ ಬೀದಿಗೆ ಬರಲಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಗಣೇಶನ ಹಬ್ಬ, ಈದ್ ಮಿಲಾದ್ ಹತ್ತಿರವಾದಂತೆ ಶಾಂತಿ ಸಭೆಗಳು ನಡೆಯುತ್ತವೆ. ಎರಡೂ ಕಡೆಯ ಮುಖಂಡರು ಬರುತ್ತಾರೆ. ಮೆರವಣಿಗೆ ಯಾವ ದಾರಿ ಹಿಡಿಯಬೇಕು, ಡಿ.ಜೆ. ಎಷ್ಟು ಹೊತ್ತಿಗೆ ನಿಲ್ಲಬೇಕು ಎಂದು ತೀರ್ಮಾನವಾಗುತ್ತದೆ. ಆದರೂ 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಬದರಿಕೊಪ್ಪಲಿನ ಗಣೇಶನ ಮೆರವಣಿಗೆ ಮೈಸೂರು ರಸ್ತೆಯ ದರ್ಗಾದ ಹತ್ತಿರ ಬಂದಾಗ ಮಾತಿಗೆ ಮಾತು ಬೆಳೆದು, ಕಲ್ಲು ತೂರಾಟವಾಗಿ, ಅಂಗಡಿಗಳು ಸುಟ್ಟುಹೋದವು. ಮರುವರ್ಷ ಸೆಪ್ಟೆಂಬರ್ 7ರಂದು ಮದ್ದೂರಿನಲ್ಲಿ ಮತ್ತೆ ಗಣೇಶನ ಮೆರವಣಿಗೆ, ಮತ್ತೆ ಕಲ್ಲು. ಕಲ್ಲು ಎತ್ತಿಕೊಳ್ಳುವ ವಯಸ್ಸಿನ ಹುಡುಗರಾಗಲಿ, ಬದುಕನ್ನೇ ಕಳೆದುಕೊಳ್ಳುವ ಸಣ್ಣ ವ್ಯಾಪಾರಿಗಳಾಗಲಿ ಶಾಂತಿ ಸಭೆಯ ಕುರ್ಚಿಗಳಲ್ಲಿ ಕಾಣುವುದು ಅಪರೂಪ.

ನನ್ನ ಕೋರಿಕೆ ಇಷ್ಟೇ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಹಬ್ಬದ ಬಿಸಿ ಏರುವ ಮುಂಚೆ ಹಾಡು ಮತ್ತು ಮಾತಿನ ಸಂಜೆಗಳನ್ನು ಏರ್ಪಡಿಸಿ. ಅವು ಸಭಾಂಗಣದಲ್ಲಿ ಬೇಡ, ಬೀದಿಯಲ್ಲಿ ಆಗಲಿ, ಸಂತೆ ಮೈದಾನದಲ್ಲಿ ಆಗಲಿ.

ಇದು ಹೊಸ ಯೋಚನೆಯೇನಲ್ಲ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟು ಕೊಂದಾಗ ‘ಸಮುದಾಯ’ ಎಂಬ ರಂಗತಂಡ ಅದನ್ನೇ ಬೀದಿ ನಾಟಕ ಮಾಡಿ ಕರ್ನಾಟಕದ ಊರೂರು ತಿರುಗಿತು. ದಲಿತ ಸಂಘರ್ಷ ಸಮಿತಿಯ ಹಾಡುಗಾರರು ಭಾಷಣಕ್ಕೆ ಬಾರದ ಜನರನ್ನು ಹಾಡಿನಿಂದ ಸೇರಿಸಿದರು. ಲಂಡನ್ನಿನಲ್ಲಿ ವರ್ಣದ್ವೇಷಿ ಪಕ್ಷವೊಂದು ಬಲಿಯುತ್ತಿದ್ದಾಗ, 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿನವರೆಗೆ ಜನ ನಡೆದು ಹೋಗಿ, ಬಿಳಿಯರೂ ಕರಿಯರೂ ಒಟ್ಟಿಗೆ ನಿಂತು ಸಂಗೀತ ಕೇಳಿದರು. ಅಲ್ಲಿ ಮೈಬಣ್ಣ ನೋಡಿ ದೂರ ಇಡುತ್ತಿದ್ದರು. ನಮ್ಮಲ್ಲಿ ಕೇರಿ ನೋಡಿ, ಹೆಸರು ಕೇಳಿ ದೂರ ಇಡುತ್ತೇವೆ.

ನಮ್ಮ ಕಡೆಯ ಹಬ್ಬದಲ್ಲಿ ತಮಟೆಯವರನ್ನು ಗಮನಿಸಿ. ಒಣಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮವನ್ನು ಕಾವಿಗೆ ಹಿಡಿದು, ಬೆರಳಲ್ಲಿ ತಟ್ಟಿ ಕಿವಿಗೊಟ್ಟು ನೋಡುತ್ತಾರೆ. ಬಿಗಿ ಸಾಲದೆಂದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಸದ್ದು ಕಟ್ಟಿದ ಮೇಲೆಯೇ ದೇವರು ಹೊರಡುವುದು. ಅವರ ತಮಟೆ ಇಲ್ಲದೆ ಮೆರವಣಿಗೆ ಇಲ್ಲ. ಆದರೆ ಎಷ್ಟೋ ಊರುಗಳಲ್ಲಿ ಅವರು ನಿಲ್ಲುವುದು ಹೊಸ್ತಿಲ ಆಚೆಗೇ, ಉಣ್ಣುವುದು ಬೇರೆ ಸಾಲಿನಲ್ಲೇ. 2024ರ ನವೆಂಬರ್‌ನಲ್ಲಿ ಮಂಡ್ಯ ತಾಲ್ಲೂಕಿನ ಹನಕೆರೆಯಲ್ಲಿ ದಲಿತರು ಕಾಲಭೈರವೇಶ್ವರನ ಗುಡಿಯೊಳಗೆ ಕಾಲಿಟ್ಟಾಗ, ಕೆಲವರು ಉತ್ಸವಮೂರ್ತಿಯನ್ನೇ ಹೊರಗೆ ಹೊತ್ತು ತಂದರು. ಆದ್ದರಿಂದ ಈ ಸಂಜೆಗಳಲ್ಲಿ ತಮಟೆಯವರು ಬಡಿದು ಬದಿಗೆ ಸರಿಯುವುದು ಬೇಡ. ಮಾತು ಶುರುವಾಗುವಾಗ ಎಲ್ಲರ ನಡುವೆ ಅವರು ಕೂತಿರಬೇಕು, ಮೊದಲ ಮಾತು ಅವರದಾಗಬೇಕು. ಅವರ ಸಂಭಾವನೆ ಆ ದಿನವೇ ಅವರ ಕೈ ಸೇರಬೇಕು. ಬಿಲ್ಲಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಸಬೇಡಿ.

ಮಾತು ಸುಲಭವಾಗಿರುವುದಿಲ್ಲ, ಬಲ್ಲೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನೇ ನೋಡಿ. ಚೆಲುವನಾರಾಯಣನ ಪಾದದ ಬಳಿ ದಿಲ್ಲಿ ಸುಲ್ತಾನನ ಮಗಳೆಂದು ನಂಬುವ ಬೀಬಿ ನಾಚಿಯಾರಳಿಗೆ ಜಾಗವಿದೆ. ದೇವರ ಮೂರ್ತಿಯನ್ನು ಮರಳಿ ತರಲು ನೆರವಾದವರೆಂದು ರಾಮಾನುಜರು ದಲಿತರನ್ನು ತಿರುಕುಲದವರೆಂದು ಕರೆದು ಗುಡಿಯೊಳಗೆ ಬಿಟ್ಟರೆಂಬ ಕಥೆಯಿದೆ. ಬೆಟ್ಟದ ಮೇಲಿನ ಯೋಗಾನರಸಿಂಹನ ಗುಡಿಯ ದೊಡ್ಡ ನಗಾರಿಯನ್ನು ಟಿಪ್ಪು ಕೊಟ್ಟದ್ದೆಂದು ಹೇಳುತ್ತಾರೆ. ಅದೇ ಊರಿನ ಮಂಡ್ಯಂ ಅಯ್ಯಂಗಾರರ ಎಷ್ಟೋ ಮನೆಗಳು ಟಿಪ್ಪುವಿನ ಕಾಲದಲ್ಲಿ ತಮ್ಮ ಹಿರಿಯರನ್ನು ಕೊಂದ ನೆನಪಿಗೆ ನರಕ ಚತುರ್ದಶಿಯನ್ನು ಇಂದಿಗೂ ಆಚರಿಸುವುದಿಲ್ಲ. ನಗಾರಿಯ ಕಥೆ ಹೇಳಿ ಆ ನೋವನ್ನು ಮುಚ್ಚಿದರೆ ಅದು ಸೌಹಾರ್ದವಾಗುವುದಿಲ್ಲ. ನೋವನ್ನೇ ಹಿಡಿದುಕೊಂಡು ಇಂದಿನ ನೆರೆಮನೆಯವರ ಮೇಲೆ ಹಗೆ ಸಾಧಿಸಿದರೆ ನ್ಯಾಯವೂ ಆಗುವುದಿಲ್ಲ. ಆ ಕಥೆಯನ್ನೂ ಆ ನೋವನ್ನೂ ಒಂದೇ ರಾತ್ರಿ, ಒಂದೇ ಜಮಖಾನೆಯ ಮೇಲೆ ಕೂತು ಕೇಳುವ ತಾಳ್ಮೆ ಬೇಕು. ತತ್ವಪದ ಹಾಡಿದ ಮೇಲೆ, ನಡುವೆ ಒಂದು ಖವ್ವಾಲಿ ಕೇಳಿದ ಮೇಲೆ ಆ ತಾಳ್ಮೆ ಬರುತ್ತದೆ. ಸೇರಿ ಪಲ್ಲವಿ ಹೇಳಿದವರು ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿರುತ್ತಾರೆ, ಆ ಮೇಲೆ ಬಾಯಿಗೆ ಬಂದಂತೆ ಬೈಯುವುದು ಕಷ್ಟ.

ಪಾಂಡವಪುರದ ಸುತ್ತಿನ ಆಲೆಮನೆಗಳನ್ನೂ ಮರೆಯಬೇಡಿ. ಅಲ್ಲಿ ಕೊಪ್ಪರಿಗೆಯ ಮುಂದೆ ಬೇಯುವ ಉತ್ತರ ಭಾರತದ ಕೂಲಿಯವರ ಹಾಡನ್ನು ಈ ಜಿಲ್ಲೆಯಲ್ಲಿ ಯಾರೂ ಕೇಳಿಲ್ಲ, ಹೆಸರನ್ನೂ ಕೇಳಿಲ್ಲ.

ದುಡ್ಡಿಲ್ಲ ಎಂದು ಅಧಿಕಾರಿಗಳು ಹೇಳಬಹುದು. ಶ್ರೀರಂಗಪಟ್ಟಣ ದಸರಾಕ್ಕೆ ವೇದಿಕೆ, ದೀಪ, ಮೈಕು ಎಲ್ಲ ಹೇಗೂ ಬರುತ್ತವೆ. ಅದರಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಿ. ಹಾರ, ಶಾಲು, ಗಣ್ಯರ ಭಾಷಣ ಯಾವುದೂ ಬೇಡ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ನಿಮ್ಮ ಹಾಗೆಯೇ ಐ.ಎ.ಎಸ್. ಅಧಿಕಾರಿಯಾಗಿದ್ದರು. ಹಳ್ಳಿಯ ಹಾಡುಗಾರರ ಎದುರು ಕೂತು ಕೇಳುವುದು ತಮ್ಮ ಹುದ್ದೆಗೆ ಕಡಿಮೆಯೆಂದು ಅವರು ಎಣಿಸಲಿಲ್ಲ. ರಾಮನಗರದ ಬಳಿಯ ಜಾನಪದ ಲೋಕ ಹುಟ್ಟಿದ್ದು ಆ ಕೇಳ್ಮೆಯಿಂದಲೇ. ನೀವೂ ಬನ್ನಿ, ನೆಲದ ಮೇಲೆ ಕೂತು ಕೊನೆಯವರೆಗೂ ಇರಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಹಾಡು ಕಾನೂನಿನ ಜಾಗದಲ್ಲಿ ನಿಲ್ಲಬಾರದು. ನಮ್ಮೂರ ಕ್ಷೌರದಂಗಡಿಯಲ್ಲಿ ತಲೆ ಮುಟ್ಟುವುದಿಲ್ಲ, ಹೋಟೆಲಿನಲ್ಲಿ ಲೋಟ ಬೇರೆ ಇಟ್ಟಿದ್ದಾರೆ ಎಂದು ಆ ಸಂಜೆ ಯಾರಾದರೂ ಎದ್ದು ಹೇಳಿದರೆ, ಚಪ್ಪಾಳೆಯಲ್ಲಿ ಅದು ಮುಗಿಯಬಾರದು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ ನೀವೇ ಅಧ್ಯಕ್ಷರು. ಆ ಮಾತು ನೇರವಾಗಿ ಆ ಸಮಿತಿಯ ಮುಂದೆ ಬರಲಿ. ಮಾತಾಡಿದವರಿಗೆ ಮರುದಿನ ಕೂಲಿ ತಪ್ಪದಂತೆ, ಬಹಿಷ್ಕಾರ ಬೀಳದಂತೆ ತಹಶೀಲ್ದಾರರು ಖುದ್ದಾಗಿ ಆ ಊರಿಗೆ ಹೋಗಿ ಬರಲಿ.

ಮೊದಲ ಸಂಜೆ ನಾಗಮಂಗಲದಲ್ಲೇ ಆಗಲಿ, ಮೈಸೂರು ರಸ್ತೆಯಲ್ಲೇ ಆಗಲಿ. ಬದರಿಕೊಪ್ಪಲಿನ ಹುಡುಗರನ್ನೂ ಅಂಗಡಿ ಕಳೆದುಕೊಂಡವರನ್ನೂ ನೀವೇ ಕರೆಯಿರಿ. ದಿನಾಂಕ ಗೊತ್ತುಮಾಡಿ ತಿಳಿಸಿದರೆ ಜಮಖಾನೆ ಹಾಸಲು, ಟೀ ಕಾಯಿಸಲು ನಾವು ಬರುತ್ತೇವೆ.

ಇಂತಿ,
ಕೆ.ಆರ್. ಪೇಟೆ ತಾಲ್ಲೂಕಿನ ಒಬ್ಬ ನಾಗರಿಕ