ತಾಳಗುಪ್ಪದಲ್ಲಿ ನಿಂತ ಹಳಿ

ರಜೆ ದೊರೆತೊಡನೆ ಉಗಿಬಂಡಿಯ ಮೋಹವುಳ್ಳವರು ನೀಲಗಿರಿಯತ್ತ ಧಾವಿಸುವುದು ಸಹಜವೇ ಆಗಿದೆ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು, ಹನ್ನೆರಡಕ್ಕೆ ಒಂದರ ಕಡಿದಾದ ಏರನ್ನು ಬಂಡಿ ಹತ್ತುವ ಆ ಮಾರ್ಗವನ್ನು 2005ರಲ್ಲಿ ವಿಶ್ವಪರಂಪರೆಗೆ ಸೇರಿಸಿದ್ದು ಯೋಗ್ಯವೇ ಸರಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಹಾಜನರೂ ಈ ಆನಂದವನ್ನು ಸವಿದು ಬರಲಿ. ಆದರೆ ಮರಳಿದ ಮೇಲೆ, ತಮ್ಮ ಘಟ್ಟದಲ್ಲಿ ಸಾಮಾನ್ಯ ರೈಲುಬಂಡಿಯ ಕೂಗೂ ಇಲ್ಲವೆಂಬ ಸಂಗತಿ ಅವರನ್ನು ಚುಚ್ಚದಿರದು.

ಶಿವಮೊಗ್ಗೆಯಿಂದ ಬಂದ ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಅದನ್ನು ಹಾಕಿದ ಕಾಲದಲ್ಲಿ ಅತ್ತ ಮೈಸೂರು ಸಂಸ್ಥಾನ, ಇತ್ತ ಮುಂಬಯಿ ಪ್ರಾಂತ. ಆ ಗಡಿ 1956ರಲ್ಲಿ ಅಳಿಯಿತು. ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದಿತು. ಹಳಿ ಮಾತ್ರ ನಿಂತಲ್ಲಿಯೇ ನಿಂತಿದೆ. ಯಲ್ಲಾಪುರದ ಮೇಲಿನ ಹುಬ್ಬಳ್ಳಿ–ಅಂಕೋಲೆ ಮಾರ್ಗವಾದರೋ ಕಳೆದ ಶತಮಾನದ ಕೊನೆಯಲ್ಲಿಯೇ ಮಂಜೂರಾಗಿ ಅರಣ್ಯದ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿತು.

ಕಾಡನ್ನು ಕಡಿದು ಹಳಿ ಹಾಕಿರೆಂದು ನಾವು ಹೇಳತಕ್ಕವರಲ್ಲ. 1983ರಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸಿದವರು ಇದೇ ಶಿರಸಿ ಸೀಮೆಯ ಜನರು. ಆದರೆ ದೊಡ್ಡ ಮಾರ್ಗದ ವಾದ ಮುಗಿಯಲೆಂದು ಚಿಕ್ಕ ಕೆಲಸವನ್ನೂ ತಡೆದಿಡುವುದು ಯಾವ ನ್ಯಾಯ? ತಾಳಗುಪ್ಪದಿಂದ ಸಿದ್ದಾಪುರದವರೆಗಿನ ಕೆಲವೇ ಹರದಾರಿಯಾದರೂ ಮೊದಲು ಆಗಲಿ. ಶಿರಸಿಯ ದಾರಿಯನ್ನು ಕಾಡಿಗೆ ಆದಷ್ಟು ಕಡಿಮೆ ಹಾನಿಯಾಗುವಂತೆ ಬಳಿಕ ಗೊತ್ತುಮಾಡಲಿ. ವಿಹಾರಿಗೆ ಬಂಡಿ ಒಂದು ದಿನದ ವಿನೋದ. ಅಡಕೆ ಬೆಳೆಗಾರನಿಗೆ, ವಿದ್ಯಾರ್ಥಿಗೆ, ದೂರದ ಆಸ್ಪತ್ರೆಗೆ ಹೊರಟ ರೋಗಿಗೆ ಅದು ಬಾಳಿನ ಅವಶ್ಯಕತೆ. ಅಳಿದ ಗಡಿಯನ್ನು ಹಳಿಯೊಂದು ಇನ್ನೂ ಕಾಯುತ್ತ ನಿಂತಿರುವುದು ಏಕೀಕೃತ ಕರ್ನಾಟಕಕ್ಕೆ ಭೂಷಣವಲ್ಲ.