ಮುಖಪುಟದ ತಂಗಡಿ

ಈ ಸಲದ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಯಾವ ಚಿತ್ರ ಎಂಬ ಚರ್ಚೆಯೇ ಹೈದರಾಬಾದಿನ ನಮ್ಮ ಸಂಘದ ಸಭೆಗಳನ್ನೆಲ್ಲ ನುಂಗಿತು. ಹಂಪಿಯ ಕಲ್ಲಿನ ರಥ ಬೇಡ, ಐವತ್ತು ರೂಪಾಯಿ ನೋಟಿನಲ್ಲೇ ಇದೆಯಲ್ಲ ಎಂದರೊಬ್ಬರು. ಸಂಡೂರಿನ ಬೆಟ್ಟಗಳಲ್ಲಿ ಅರಳುವ ನೀಲಕುರಿಂಜಿ ಇರಲಿ ಎಂದವರೇ ಹೆಚ್ಚು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು, ಭರವಸೆಯ ಮಾತಿಗೆ ಹೇಳಿ ಮಾಡಿಸಿದ್ದು. ಚೋರನೂರು ಹೋಬಳಿಯವನಾದ ನಾನು ಹಟ ಹಿಡಿದು ತಂಗಡಿ ಹೂವು ಹಾಕಿಸಿದೆ. ಸಂಪಾದಕನಿಗೆ ಇರುವ ಸವಲತ್ತು ಇದೊಂದೇ.

ಕುರಿಂಜಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹನ್ನೆರಡು ವರ್ಷ ಕಾಯುವುದು ಬೆಟ್ಟಕ್ಕೆ ಒಗ್ಗೀತು, ತಿಂಗಳ ಸಂಬಳ ನೋಡುವ ನಮಗೆ ಒಗ್ಗದು.

ತಂಗಡಿ, ಕೆಲವರ ಬಾಯಲ್ಲಿ ಆವರಿಕೆ, ನಮ್ಮ ಕಡೆ ಹೊಲದ ಬದು, ಹಳ್ಳದ ದಂಡೆ, ರಸ್ತೆಯ ಮಗ್ಗುಲು ಎಲ್ಲೆಂದರಲ್ಲಿ ಇದೆ. ಯಾರೂ ನೆಡಲಿಲ್ಲ, ಯಾರೂ ನೀರು ಹಾಕಲಿಲ್ಲ. ಮಳೆ ಕೈಕೊಟ್ಟು ಶೇಂಗಾ ಬಳ್ಳಿ ಸುಟ್ಟುಹೋದ ವರ್ಷವೂ ಬದುವಿನ ಮೇಲೆ ಹಳದಿ ಹಳದಿ. ತೊಗಟೆ ಚರ್ಮ ಹದ ಮಾಡಲು, ಕಡ್ಡಿ ಹಲ್ಲುಜ್ಜಲು. ಒಂದು ಹೂವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ: ಐದು ಎಸಳು, ಒಂದರ ಅಳತೆ ಇನ್ನೊಂದಕ್ಕಿಲ್ಲ, ಅಂಚೆಲ್ಲ ಸುಕ್ಕು, ಹಳದಿಯೊಳಗೆ ಕೇಸರಿ ಗೆರೆ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬರಡು. ಮಕರಂದವಿಲ್ಲ. ಇರುವ ಪರಾಗವೂ ಕೇಸರದ ತುದಿಯ ಸಣ್ಣ ತೂತಿನೊಳಗೆ ಭದ್ರ. ದಪ್ಪ ಕರಿದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು, ಗುಂಯ್ ಎಂದು ಮೈ ಅದುರಿಸಿದರೆ ಮಾತ್ರ ಪುಡಿ ಉದುರುತ್ತದೆ. ಸುಮ್ಮನೆ ಬಂದು ಕೂತು ಹೋಗುವವರಿಗೆ ಈ ಹೂವು ಏನನ್ನೂ ಕೊಡುವುದಿಲ್ಲ.

ಹೊಗಳಿಕೆ ಇಷ್ಟಕ್ಕೇ ಸಾಕು. ತಂಗಡಿಗೆ ದನ ಬಾಯಿ ಹಾಕುವುದಿಲ್ಲ. ಹಾಗಾಗಿ ಅದು ಹೆಚ್ಚಿತೆಂದರೆ ದನ ತಿನ್ನುವ ಹುಲ್ಲು ಕಮ್ಮಿಯಾಯಿತೆಂದೂ ಅರ್ಥ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಸಂಡೂರು–ಹೊಸಪೇಟೆ ರಸ್ತೆಯ ಪಕ್ಕದ ಗಿಡಗಳೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ನಿಂತಿರುತ್ತಿದ್ದವು. ಎಲೆ ಯಾವುದು, ಹೂವು ಯಾವುದು ತಿಳಿಯುತ್ತಿರಲಿಲ್ಲ. ಹೂವು ಕಂಡಿತೆಂದು ಧೂಳನ್ನು ಮರೆಯುವ ಭರವಸೆ ನನಗೆ ಬೇಡ. ಈ ಸಂಚಿಕೆಗೆ ಬಂದ ಕವನಗಳಲ್ಲಿ ಆ ಬಗೆಯ ಭರವಸೆ ಬೇಕಾದಷ್ಟಿತ್ತು, ಕವಿಗಳು ಕ್ಷಮಿಸಲಿ.

ನಾವು ನೆಲೆಸಿರುವ ಹೈದರಾಬಾದಿನಲ್ಲಿ ಇದೇ ಗಿಡಕ್ಕೆ ಮರ್ಯಾದೆಯೇ ಬೇರೆ. 2014ರಲ್ಲಿ ರಾಜ್ಯವಾದ ತೆಲಂಗಾಣ ಅದೇ ವರ್ಷ ತಂಗೇಡನ್ನು ರಾಜ್ಯ ಪುಷ್ಪವೆಂದು ಸಾರಿತು. ನಮ್ಮ ನೀಲಕಂಠ ಪಕ್ಷಿ ಅವರ ರಾಜ್ಯ ಪಕ್ಷಿಯೂ ಹೌದು, ನಾವು ದಸರೆಗೆ ಹಂಚುವ ಬನ್ನಿ ಅವರ ರಾಜ್ಯ ವೃಕ್ಷ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಬತುಕಮ್ಮ ಹಬ್ಬ. ತಂಗೇಡಿಲ್ಲದೆ ಹೂವಿನ ಗೋಪುರ ಏಳುವುದಿಲ್ಲ. ಊರಲ್ಲಿ ಕುಡುಗೋಲಿನಿಂದ ಸವರಿ ಬಿಸಾಡುತ್ತಿದ್ದದ್ದನ್ನು ಇಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಪಕ್ಕದ ಮನೆಯವರ ಜೊತೆ ಹೋಗಿ, ಚೌಕಾಸಿ ಮಾಡಿ, ಕಟ್ಟು ಲೆಕ್ಕದಲ್ಲಿ ಕೊಂಡು ತರುತ್ತಾರೆ!

ಈ ಸಂಚಿಕೆಯಲ್ಲಿ ನಮ್ಮ ಹೋಬಳಿಯ ಸದಸ್ಯರೊಬ್ಬರ ಬರಹವಿದೆ. ಸಾಲ ಮಾಡಿ ಲಾರಿ ಕೊಂಡಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಮನೆ ಮುಂದೆ ನಿಂತಿತು, ಕಂತು ನಿಲ್ಲಲಿಲ್ಲ. ಕೋರ್ಟು ಮಾಡಿದ್ದು ಸರಿ ಎಂದೇ ಅವರು ಬರೆದಿದ್ದಾರೆ. ಬೆಟ್ಟ ಉಳಿಯಬೇಕಿತ್ತು, ತಾನು ಮುಳುಗಬೇಕಾಯಿತು, ಎರಡೂ ನಿಜ ಎನ್ನುತ್ತಾರೆ. ಲಾರಿಯನ್ನು ಸಿಕ್ಕಷ್ಟಕ್ಕೆ ಮಾರಿ, ಇಲ್ಲಿಗೆ ಬಂದು ಬೇರೆಯವರ ಗಾಡಿ ಓಡಿಸಿದರು. ಮುಖಪುಟ ತೋರಿಸಿದಾಗ ನಕ್ಕುಬಿಟ್ಟರು: “ಇದನ್ನ ಯಾರು ಹಾಕ್ತಾರ್ರೀ, ದನ ಸೈತ ಮೂಸಿ ನೋಡಲ್ಲ.”

ಹೆಸರು ಬೇಡವೆಂದಿದ್ದಾರೆ, ಹಾಕಿಲ್ಲ. ಈಗ ಅವರವೇ ಎರಡು ಗಾಡಿಗಳಿವೆ, ಒಂದರ ಕಂತು ಇನ್ನೂ ಬಾಕಿ.