ಗಡಿ ದಾಟಿದ ದುಡಿಮೆಗಾರನ ಹಕ್ಕು

ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಹೋಗುವವನಿಗೆ ರಾಜ್ಯದ ಗಡಿಯು ನೆಲದ ಮೇಲೆ ಕಾಣುವುದಿಲ್ಲ. ಕನ್ನಡ ತೆಲುಗುಗಳೆರಡೂ ಗಡಿಯ ಎರಡು ಕಡೆಗಳಲ್ಲಿಯೂ ಬಳಕೆಯಲ್ಲಿವೆ. ಆದರೆ ಮನೆಮನೆಗೆ ಸಾಮಾನು ಮುಟ್ಟಿಸಿ ಜೀವಿಸುವ ಡೆಲಿವರಿ ಸವಾರನು ಸಂಸಾರಸಮೇತನಾಗಿ ಅತ್ತ ಹೋಗಿ ನೆಲೆಸಿದನೆಂದರೆ, ಆ ಕಾಣದ ಗೆರೆಯೇ ಅವನಿಗೆ ಗೋಡೆಯಾಗುತ್ತದೆ. ಈ ಸಂಗತಿಯ ಕಡೆಗೆ ನಂದಿ ಸೀಮೆಯ ಮಹಾಜನರ ಲಕ್ಷ್ಯವನ್ನು ಸೆಳೆಯುವುದು ನಮ್ಮ ಉದ್ದೇಶವು.

ಈ ವರ್ಗದವರು ಅಲ್ಪಸಂಖ್ಯಾತರಲ್ಲ. 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರೆಂದು ನೀತಿ ಆಯೋಗವು 2022ರಲ್ಲಿ ಅಂದಾಜು ಮಾಡಿತು. ಕಂಪೆನಿಗಳು ಇವರನ್ನು ನೌಕರರೆಂದು ಕರೆಯದೆ ಪಾಲುದಾರರೆನ್ನುತ್ತವೆ. ಲಾಭದಲ್ಲಿ ಪಾಲು ಮಾತ್ರ ಇಲ್ಲ. ಇವರು ಸಂಘ ಕಟ್ಟಿ ಒತ್ತಾಯಿಸಿದುದರಿಂದಲೇ 2023ರಲ್ಲಿ ರಾಜಸ್ಥಾನವೂ 2025ರಲ್ಲಿ ಕರ್ನಾಟಕವೂ ಶಾಸನ ಮಾಡಿದುವು. ನಮ್ಮ ಶಾಸನದಂತೆ, ಪ್ರತಿಯೊಂದು ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇಕಡ 1ರಿಂದ 5ರ ವರೆಗೆ ಶುಲ್ಕವನ್ನು ಕಂಪೆನಿಯು ಕಲ್ಯಾಣನಿಧಿಗೆ ಸಲ್ಲಿಸತಕ್ಕದ್ದು. ಸಾಮಾನ್ಯವಾಗಿ, ಲಿಖಿತ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೊಡದೆ ಅವನನ್ನು ತೆಗೆದುಹಾಕಕೂಡದು. ಇದು ಶ್ಲಾಘ್ಯವಾದುದೇ ಸರಿ.

ಆದರೆ ರಾಜ್ಯಶಾಸನದ ಕೈ ರಾಜ್ಯದ ಎಲ್ಲೆಯಲ್ಲಿ ನಿಲ್ಲುತ್ತದೆ. ಸವಾರನ ಲೈಸೆನ್ಸು ಭಾರತದಲ್ಲೆಲ್ಲ ನಡೆಯುತ್ತದೆ. ಅವನ ವಾಹನವು ಪರರಾಜ್ಯದಲ್ಲಿ 12 ತಿಂಗಳಿಗೆ ಮೀರಿ ನಿಂತರೆ ಹೊಸ ನೋಂದಣಿಯನ್ನು ಪಡೆಯುವ ಕ್ರಮವನ್ನು 1988ರ ಮೋಟಾರು ವಾಹನ ಕಾಯಿದೆಯೇ ವಿಧಿಸಿದೆ. ಗಾಡಿಯ ಸ್ಥಳಾಂತರಕ್ಕೆ ಇಷ್ಟು ಸ್ಪಷ್ಟವಾದ ವಿಧಿಯಿರುವಾಗ, ಅದನ್ನು ನಡೆಸುವ ಮನುಷ್ಯನ ಹಕ್ಕಿನ ಸ್ಥಳಾಂತರಕ್ಕೂ ಅಂತಹುದೇ ವಿಧಿ ಬೇಡವೇ? ಉಪಾಧ್ಯಾಯರು ವರ್ಗವಾದರೆ ಅವರ ಸೇವಾ ಪುಸ್ತಕವೂ ಹಿಂದೆಯೇ ಹೋಗುತ್ತದೆ. ಈ ಬಡ ಸವಾರನ ಐದು ವರ್ಷದ ದುಡಿಮೆಗೆ ಸಾಕ್ಷಿ ಯಾವುದು?

ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯು 2020ರಲ್ಲಿ ಅಂಗೀಕೃತವಾಗಿ, 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಆಧಾರ್‌ಗೆ ಜೋಡಿಸಿದ ಸಂಖ್ಯೆಯ ಮೂಲಕ ಸೌಲಭ್ಯವು ಎಲ್ಲ ರಾಜ್ಯಗಳಲ್ಲಿಯೂ ದೊರೆಯುವುದೆಂದು ಸರಕಾರದವರು ಹೇಳಿರುವರು. ಒಳ್ಳೆಯದು. ಆದರೆ ಸಂಖ್ಯೆಯು ಜೊತೆಗೆ ಬಂದ ಮಾತ್ರಕ್ಕೆ ರಾಜ್ಯನಿಧಿಯ ಹಕ್ಕು ಬಂದಂತಾಗಲಿಲ್ಲ.

‘ಊರು ಬಿಟ್ಟು ಹೋಗೆಂದು ಅವನಿಗೆ ಹೇಳಿದವರಾರು?’ ಎಂದು ಕೆಲವರು ಕೇಳಬಹುದು. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನೂ ಸಂಘ ಕಟ್ಟುವ ಹಕ್ಕನ್ನೂ ಸಂವಿಧಾನದ 19ನೆಯ ಅನುಚ್ಛೇದವು ಒಟ್ಟಿಗೇ ಕೊಟ್ಟಿದೆ. ಒಂದನ್ನು ಬಳಸಿದವನು ಇನ್ನೊಂದನ್ನು ಕಳೆದುಕೊಳ್ಳಬೇಕೆಂಬುದು ನ್ಯಾಯವಲ್ಲ. ಹೊರಗಿನಿಂದ ಬಂದವನು ಕೂಲಿಯನ್ನು ಇಳಿಸುವನೆಂಬ ಭಯವುಂಟಷ್ಟೆ. ಸಂಘದ ಆಸರೆಯಿಲ್ಲದವನೇ ಕಡಿಮೆ ಕೂಲಿಗೆ ಒಪ್ಪುವನು. ಆದುದರಿಂದ ಬೆಂಗಳೂರಿಗೆ ಬರುವ ಪರರಾಜ್ಯದ ಸವಾರನನ್ನು ನಮ್ಮ ಸಂಘಗಳು ಮೊದಲು ಸೇರಿಸಿಕೊಳ್ಳಲಿ. ಆಗ ನಮ್ಮವನಿಗೂ ಅಲ್ಲಿ ಅದೇ ಮರ್ಯಾದೆಯನ್ನು ಕೇಳಲು ಬಾಯಿ ಬರುವುದು.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಿಷೇಧವನ್ನು ಲೆಕ್ಕಿಸದೆ ಸಭೆ ಸೇರಿ ಗುಂಡಿಗೆ ಎದೆಯೊಡ್ಡಿದ ಜನರ ಸೀಮೆಯಿದು. ಕೂಡಿ ನಿಲ್ಲುವುದರ ಬೆಲೆಯನ್ನು ನಮಗೆ ಅನ್ಯರು ಕಲಿಸಬೇಕಾಗಿಲ್ಲ. ನೆರೆಯ ಸರಕಾರಗಳೆರಡೂ ಈ ವಿಷಯದಲ್ಲಿ ಒಡಂಬಡಿಕೆ ಮಾಡಿಕೊಳ್ಳಲಿ. ಊರು ಬಿಡುವ ಸವಾರನು ತನ್ನ ನೋಂದಣಿಯ, ಸಂಪಾದನೆಯ ದಾಖಲೆಗಳನ್ನೂ ಸಂಘದ ಪತ್ರವನ್ನೂ ಜೋಪಾನವಾಗಿ ಒಯ್ಯಲಿ. ಅವುಗಳನ್ನು ಓದಿ ಅರ್ಥ ಹೇಳುವ ಉಪಕಾರವನ್ನು ನಮ್ಮ ಉಪಾಧ್ಯಾಯ ಮಹಾಶಯರು ಕೈಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.